ಕತ್ತಿನ ಪೆಟ್ಟಿನ ತರಬೇತಿಗೆ 1,200 ರೂಪಾಯಿ ಕೊಟ್ಟೆ, ಹೀಗಿತ್ತು

5ಕ್ಕೆ 4 ಸ್ಟಾರ್. ಐದನೆಯದು ಯಾಕೆ ಕಟ್ ಆಯ್ತು ಅಂತ ಕೆಳಗೆ ಬರೆದಿದ್ದೇನೆ, ಅರ್ಧ ಕುತ್ತಿಗೆ ಬೆಲ್ಟಿನ ವ್ಯಾಪಾರಕ್ಕೆ, ಇನ್ನರ್ಧ ಬೆಳಗಿನ ಸ್ಲೈಡುಗಳಿಗೆ. ನಡೆಸಿದವರ ಹೆಸರು ಹಾಕಿಲ್ಲ. ಹೊಗಳಿದ್ದಷ್ಟೇ ಅಲ್ಲ, ಬೈದಿದ್ದೂ ಇದೆ, ಜಗಳ ಬೇಡ.

ಮೈಸೂರಿನಲ್ಲಿ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ. ಆಟ ಆಡುವಾಗ ಮಕ್ಕಳಿಗೆ ತಲೆಗೋ ಕತ್ತಿಗೋ ಪೆಟ್ಟಾದರೆ ಆಂಬುಲೆನ್ಸ್ ಬರುವವರೆಗೆ ನಾವು ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು, ಅದಕ್ಕೇ ಇರುವ ಕ್ಲಾಸು. 22 ಜನ ಇದ್ದೆವು. ಪಿ.ಟಿ. ಮೇಷ್ಟ್ರುಗಳು ಏಳೆಂಟು ಜನ, ಕಬಡ್ಡಿ ಮತ್ತು ಕ್ರಿಕೆಟ್ ಕೋಚುಗಳು, ಕುಸ್ತಿ ಕಲಿಸುವ ಗರಡಿಯವರು ಇಬ್ಬರು, ಉಳಿದವರು ನನ್ನಂಥ ಅಪ್ಪ ಅಮ್ಮಂದಿರು. ಕಲಿಸಿದವರು ಇಬ್ಬರು. ಒಬ್ಬರು ಫಿಸಿಯೋ ಮೇಡಂ, ಇನ್ನೊಬ್ಬರು ಆಂಬುಲೆನ್ಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ಸರ್. ನನಗೆ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಆ ಸರ್‌ನಿಂದ.

ನಾನು ಯಾಕೆ ಹೋದೆ ಅಂದರೆ, ಎರಡು ವರ್ಷದ ಹಿಂದೆ ನಾನೇ ಒಂದು ತಪ್ಪು ಮಾಡಿದ್ದೆ. ಮಗನಿಗೆ ಆಗ ಹದಿಮೂರು. ಮಣ್ಣಿನ ಅಂಕಣದಲ್ಲಿ ಕಬಡ್ಡಿ. ಇವನು ರೇಡಿಗೆ ಹೋದ, ಮೂಲೆಯಲ್ಲಿದ್ದ ಹುಡುಗ ಕಾಲು ಹಿಡಿದ, ಇನ್ನೊಬ್ಬ ಓಡಿ ಬಂದು ಡ್ಯಾಶ್ ಕೊಟ್ಟ, ಇವನು ತಲೆ ಮುಂದಾಗಿ ಗೆರೆಯಾಚೆ ಹೋಗಿ ಬಿದ್ದ. ಏಳಲಿಲ್ಲ. ನಾನು ಚಪ್ಪಲಿ ಬಿಟ್ಟು ಓಡಿದೆ. ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿದೆ. ಯಾರೋ ತಲೆ ಮೇಲೆ ನೀರು ಸುರಿದರು, ಇನ್ಯಾರೋ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ "ಏನಿಲ್ಲ, ಸರಿ ಇದೆ" ಅಂದರು. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, "ಎತ್ತಿದ್ದು ಯಾರು?" ಅಂತ. ನಾನು ಬಹಳ ಜವಾಬ್ದಾರಿ ಇರುವವನ ಹಾಗೆ "ನಾನೇ ಸರ್" ಅಂದೆ. ಅವರು ಏನೂ ಬೈಯಲಿಲ್ಲ, ಸುಮ್ನೆ ನನ್ನನ್ನು ನೋಡಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಪುಣ್ಯಕ್ಕೆ ಬರೀ ಉಳುಕು, ಹತ್ತು ದಿನದಲ್ಲಿ ಸರಿಹೋಯ್ತು.

ಸರಿ, ಕ್ಲಾಸಿಗೆ ಬರೋಣ. ಬೆಳಗಿನ ಎರಡು ಗಂಟೆ ಸ್ಲೈಡು. ಎಲ್ಲಾ ಇಂಗ್ಲಿಷಿನಲ್ಲಿ. ಗರಡಿಯಿಂದ ಬಂದಿದ್ದ ಯಜಮಾನರು ಪಕ್ಕದಲ್ಲಿ ಕೂತಿದ್ದರು, ಹತ್ತು ನಿಮಿಷಕ್ಕೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಮೈಸೂರಿನಲ್ಲಿ, ಮಂಡ್ಯ, ಹುಣಸೂರು, ನಂಜನಗೂಡಿನಿಂದ ಬಂದ ಜನರಿಗೆ ಕಲಿಸುವಾಗ ನಾಲ್ಕು ಸಾಲು ಕನ್ನಡದಲ್ಲಿ ಹಾಕೋಕೆ ಏನು ಕಷ್ಟ? ಮಾತು ಕನ್ನಡದಲ್ಲೇ ಇತ್ತು, ಅದಕ್ಕೇ ಬಚಾವ್.

ಆದರೆ ಆ ಎರಡು ಗಂಟೆಯಲ್ಲಿ ಒಂದು ಐದು ನಿಮಿಷ ಮಾತ್ರ ಚಿನ್ನದಂಥದ್ದು. ಮೇಡಂ ಸ್ಲೈಡು ನಿಲ್ಲಿಸಿ, "ಎಲ್ಲರೂ ನೇರ ಕೂತು ಕತ್ತಿನ ಹಿಂದೆ ಕೈ ಇಡಿ" ಅಂದರು. ನೀವೂ ಈಗ ಇಟ್ಟು ನೋಡಿ. ಒಂದು ಸಣ್ಣ ಬಾಗು ಸಿಗುತ್ತೆ, ಒಳಗೆ ಗುಳಿ ಬಿದ್ದ ಹಾಗೆ. ಈಗ ಗದ್ದವನ್ನು ಸ್ವಲ್ಪ ಕೆಳಗೆ ಬಗ್ಗಿಸಿ. ಗುಳಿ ಮಾಯ, ಕತ್ತು ಕೋಲಿನ ಹಾಗೆ ನೇರ. ಕತ್ತಿನಲ್ಲಿ ಏಳು ಮೂಳೆ. ಬಾಗು ಇದ್ದಾಗ ಪೆಟ್ಟಿನ ಭಾರವನ್ನು ಸ್ನಾಯುಗಳೂ ಒಂದಿಷ್ಟು ತಗೊಳ್ಳುತ್ತವೆ. ತಲೆ ಬಗ್ಗಿಸಿ ನೆತ್ತಿಯಿಂದ ಗುದ್ದಿದರೆ ಆ ಅವಕಾಶ ಇಲ್ಲ, ಮುಂದೆ ತಲೆ ನಿಂತುಬಿಡುತ್ತೆ, ಹಿಂದಿನಿಂದ ಮೈ ಬರುತ್ತಲೇ ಇರುತ್ತೆ, ನಡುವೆ ಸಿಕ್ಕಿಬೀಳುವುದು ಕತ್ತು. ಅಮೆರಿಕದ ಫುಟ್‌ಬಾಲಿನಲ್ಲಿ ಹುಡುಗರು ಹೆಲ್ಮೆಟ್ ಇದೆಯಲ್ಲ ಅಂತ ಧೈರ್ಯವಾಗಿ ಹೀಗೆ ನೆತ್ತಿಯಿಂದ ಗುದ್ದಿ ಗುದ್ದಿ ಕೈಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಿದ್ದರಂತೆ. 1976ರಲ್ಲಿ ಶಾಲೆ, ಕಾಲೇಜು ಮಟ್ಟದಲ್ಲಿ ಹಾಗೆ ಗುದ್ದುವುದನ್ನು ನಿಷೇಧಿಸಿದ ಮೇಲೆ ಅಂಥ ಕೇಸುಗಳು ಬಹಳ ಇಳಿದವು. ಹೆಲ್ಮೆಟ್ ಬದಲಾದದ್ದರಿಂದ ಅಲ್ಲ, ರೂಲ್ ಬದಲಾದದ್ದರಿಂದ. ಇದನ್ನು ಕೇಳಿದ ತಕ್ಷಣ ನಮ್ಮ ಕಬಡ್ಡಿ ಕೋಚ್ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ನಮ್ಮ ಹುಡುಗರು ಡ್ಯಾಶ್ ಕೊಡುವಾಗ ನೆಲ ನೋಡುತ್ತಾರೆ. ಎಲ್ಲರೂ. ಈಗ ಪ್ರಾಕ್ಟೀಸಿನಲ್ಲಿ "ಕಣ್ಣು ಮೇಲೆ, ಭುಜ ಮುಂದೆ" ಅಂತ ಕೂಗಿ ಕೂಗಿ ಕೋಚ್ ಗಂಟಲು ಕಟ್ಟಿಹೋಗಿದೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಹೇಳಿದರು. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕತ್ತಿನ ಲಿಗಮೆಂಟುಗಳು ಸಡಿಲ. ಮೂಳೆ ಮುರಿಯದೇ, ಒಳಗಿನ ಬೆನ್ನುಹುರಿಗೆ ಮಾತ್ರ ಏಟು ಬೀಳಬಹುದು. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಹುಡುಗನಿಗೆ ಮಾತ್ರ ಕೈ ಎತ್ತಲು ಆಗುತ್ತಿರುವುದಿಲ್ಲ. ಡಾಕ್ಟರುಗಳು ಇದಕ್ಕೆ ಒಂದು ಹೆಸರನ್ನೇ 1982ರಲ್ಲಿ ಇಟ್ಟಿದ್ದಾರೆ. ಹಾಗಾಗಿ "ಎಕ್ಸ್‌ರೇ ನಾರ್ಮಲ್" ಅಂದ ಮೇಲೂ ಜೋಮು, ಬಲ ಇಲ್ಲದಿರುವುದು ಇದ್ದರೆ ಮನೆಗೆ ಕರೆದುಕೊಂಡು ಬರಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ ಅಂದರು.

ಊಟದ ನಂತರ ಅಸಲಿ ಕ್ಲಾಸು. ಇಬ್ಬಿಬ್ಬರ ಜೋಡಿ ಮಾಡಿದರು. ಒಬ್ಬ ಮಲಗಬೇಕು, ಇನ್ನೊಬ್ಬ ಅವನ ತಲೆಯ ಹಿಂದೆ ಮಂಡಿಯೂರಿ ಎರಡೂ ಕೈಯಲ್ಲಿ ತಲೆ ಹಿಡಿಯಬೇಕು. ಅಷ್ಟೇ. ಎಳೆಯುವ ಹಾಗಿಲ್ಲ, ಒತ್ತುವ ಹಾಗಿಲ್ಲ. ಅದು ಕಲ್ಲಿನ ಮೇಲಿಟ್ಟ ತುಂಬಿದ ಕೊಡ, ಉರುಳದ ಹಾಗೆ ನೋಡಿಕೊಳ್ಳಿ ಸಾಕು ಅಂದರು ಸರ್. ಸೊಟ್ಟ ಇದ್ದರೆ? ಸೊಟ್ಟ ಇದ್ದ ಹಾಗೇ ಹಿಡಿಯಿರಿ, ಬಲವಂತವಾಗಿ ನೆಟ್ಟಗೆ ಮಾಡಲು ಹೋಗಬೇಡಿ. ನಾನು ಎರಡು ನಿಮಿಷಕ್ಕೇ ಇದೇನು ಮಹಾ ಅಂದುಕೊಂಡೆ. ಸರ್ ಗೋಡೆ ಗಡಿಯಾರ ತೋರಿಸಿ, "20 ನಿಮಿಷ" ಅಂದರು. ಎಂಟನೇ ನಿಮಿಷಕ್ಕೆ ನನ್ನ ತೋಳು ನಡುಗಲು ಶುರು. ಹನ್ನೆರಡಕ್ಕೆ ಮೂಗು ತುರಿಸಿತು. ಆಗ ಬಂದು ಹೇಳಿಕೊಟ್ಟರು, ಮೊಣಕೈಗಳನ್ನು ನೆಲಕ್ಕೋ ತೊಡೆಗೋ ಊರಿ ಅಂತ. ಊರಿದ ಮೇಲೆ ಸಲೀಸು. ಮೊದಲೇ ಹೇಳಬಹುದಿತ್ತಲ್ಲ ಸರ್ ಅಂದೆ. "ಮೊದಲೇ ಹೇಳಿದ್ದರೆ ಮರೀತಿದ್ರಿ" ಅಂದರು. ನಿಜ, ಈಗ ಮರೆಯುವುದಿಲ್ಲ.

ಆಮೇಲೆ ನಾನು ಮಲಗುವ ಸರದಿ. ನನ್ನ ತಲೆ ಹಿಡಿದದ್ದು ಗರಡಿಯ ಯಜಮಾನರು. ಅವರ ಅಂಗೈ ಹಪ್ಪಳದ ಮಣೆಯಷ್ಟು ಅಗಲ, ಎರಡೂ ಕಿವಿ ಮುಚ್ಚಿಹೋಯ್ತು. ಮೇಲೆ ಫ್ಯಾನ್ ತಿರುಗುತ್ತಿದೆ, ಸುತ್ತ ನಿಂತವರ ಬಾಯಿ ಅಲ್ಲಾಡುತ್ತಿದೆ, ನನಗೆ ಏನೂ ಕೇಳಿಸುತ್ತಿಲ್ಲ, ಅವರ ಕೈಯಿಂದ ಊಟದ ಉಪ್ಪಿನಕಾಯಿ ವಾಸನೆ ಬರುತ್ತಿದೆ. ಸುಮ್ನೆ ನಾಟಕಕ್ಕೆ ಮಲಗಿದ ನನಗೇ ಒಂಥರಾ ಭಯ ಆಯ್ತು. ಅದಕ್ಕೇ ಬೆರಳು ಅಗಲಿಸಿ ಕಿವಿ ಬಿಟ್ಟು ಹಿಡಿಯಬೇಕು, ಮಗುವಿಗೆ ನಿಮ್ಮ ಮಾತು ಕೇಳಿಸಬೇಕು. ಈ ವಿಷಯ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ಮಾತಿನ ಬಗ್ಗೆ ಅರ್ಧ ಗಂಟೆ ಹೇಳಿಕೊಟ್ಟರು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಬಿದ್ದ ಹುಡುಗನ ಹತ್ತಿರ ಅವನ ಮುಖ ಯಾವ ಕಡೆ ಇದೆಯೋ ಆ ಕಡೆಯಿಂದ ಹೋಗಬೇಕು. ಹಿಂದಿನಿಂದ "ಏ ಮಗಾ" ಅಂತ ಕೂಗಿದರೆ ಅವನು ತಿರುಗಿ ನೋಡುತ್ತಾನೆ, ಬೇಡವಾದದ್ದು ಅದೇ ಅಲ್ವಾ? ಹತ್ತಿರ ಹೋದವರು "ಕತ್ತು ನೋಯ್ತಿದೆಯಾ?" ಅಂತ ಶುರು ಮಾಡಲೇಬಾರದು. ಮಕ್ಕಳು ಹೂಂ ಅನ್ನಲು ತಲೆ ಆಡಿಸುತ್ತವೆ. ಮೊದಲ ಮಾತು, "ತಲೆ ಅಲ್ಲಾಡಿಸಬೇಡ ಪುಟ್ಟ, ಬಾಯಲ್ಲಿ ಹೇಳು." ಆಮೇಲೆ ಪ್ರಶ್ನೆ. ಕತ್ತಿನ ಹಿಂದೆ ನಡುಮಧ್ಯ ನೋವಾ? ಕೈಕಾಲು ಜುಮ್ ಅಂತಿದೆಯಾ, ಉರೀತಿದೆಯಾ? ನನ್ನ ಬೆರಳು ಅದುಮು. ಕಾಲ್ಬೆರಳು ಆಡಿಸು. ಒಂದು ಕೈ ಮಾತ್ರ ಸುಟ್ಟ ಹಾಗೆ ಉರಿದು ಸ್ವಲ್ಪ ಹೊತ್ತಿಗೆ ಇಳಿದರೆ ಅದು ಸಾಮಾನ್ಯವಾಗಿ ಭುಜದ ನರ ಎಳೆದದ್ದು, ಆದರೂ ಅವತ್ತು ಅವನನ್ನು ಮತ್ತೆ ಅಂಕಣಕ್ಕೆ ಬಿಡಬಾರದು. ಎರಡೂ ಕೈ, ಅಥವಾ ಕಾಲು ಅಂದರೆ ಬೆನ್ನುಹುರಿ ಅಂತಲೇ ಲೆಕ್ಕ. ಪ್ರಜ್ಞೆ ಇಲ್ಲದಿದ್ದರೂ ಅಷ್ಟೇ, ಕತ್ತಿಗೆ ಪೆಟ್ಟಾಗಿದೆ ಅಂತಲೇ ನಡೆದುಕೊಳ್ಳಬೇಕು.

ಉಸಿರಿನ ವಿಷಯಕ್ಕೆ ಬಂದಾಗ ಸರ್ ದನಿ ಬದಲಾಯ್ತು. ಕತ್ತು ಕತ್ತು ಅಂತ ಹೇಳಿ ಹೇಳಿ ನಮ್ಮನ್ನು ಹೆದರಿಸಿದ ಮೇಲೆ, "ಈಗ ಕೇಳಿ, ಉಸಿರು ಇಲ್ಲ ಅಂದ್ರೆ ಕತ್ತು ಎರಡನೆಯದು" ಅಂದರು. ಬೋರಲು ಬಿದ್ದಿದ್ದಾನೆ, ಉಸಿರಾಟ ಚೆನ್ನಾಗಿದೆ ಅಂದರೆ ಹಾಗೇ ಬಿಡಿ. ಉಸಿರು ಸರಿ ಇಲ್ಲ ಅಂದರೆ ಯೋಚನೆ ಬೇಡ, ಎಷ್ಟಾಗುತ್ತೋ ಅಷ್ಟು ಒಂದೇ ಮೈಯಾಗಿ ಹೊರಳಿಸಿ, ಎದೆ ಒತ್ತಲು ಶುರು ಮಾಡಿ, ನಿಮಿಷಕ್ಕೆ 100ರಿಂದ 120 ಸಲ. ಬಾಯಿ ತೆರೆಯಲು ತಲೆ ಹಿಂದಕ್ಕೆ ವಾಲಿಸುವ ಬದಲು ದವಡೆಯ ಮೂಲೆಯನ್ನು ಮುಂದಕ್ಕೆ ತಳ್ಳುವುದನ್ನು ಗೊಂಬೆಯ ಮೇಲೆ ಮಾಡಿಸಿದರು. ನನಗೆ ಆರು ಸಲಕ್ಕೆ ಬಂತು. ಅದು ಆಗಲೇ ಇಲ್ಲ ಅಂದರೆ ತಲೆ ವಾಲಿಸಿಯಾದರೂ ಸರಿ, ಗಾಳಿ ಹೋಗಲೇಬೇಕು. ಕತ್ತು ನೆಟ್ಟಗಿರುವ ಹೆಣ ಯಾರಿಗೆ ಬೇಕು ಅಂದರು. ಒರಟು ಮಾತು, ಆದರೆ ಕ್ಲಾಸಿನಲ್ಲಿ ಯಾರೂ ನಗಲಿಲ್ಲ.

ಹೊರಳಿಸುವ ಅಭ್ಯಾಸ ಮಾತ್ರ ನಗುವಿನ ಹೊಳೆ. ವಾಂತಿ ಬಂದರೆ ಮಗುವನ್ನು ಮಗ್ಗುಲಿಗೆ ತಿರುಗಿಸಬೇಕಲ್ಲ, ನಾಲ್ಕು ಜನ ಬೇಕು, ತಲೆ ಹಿಡಿದವನೇ ಯಜಮಾನ, ಅವನು ಹೇಳಿದಾಗಲೇ ಎಲ್ಲರೂ ಒಟ್ಟಿಗೆ. ನಮ್ಮ ಗುಂಪಿನ ಮೇಷ್ಟ್ರು "ಒಂದು, ಎರಡು, ಮೂರು" ಅಂದರು. ಇಬ್ಬರು ಮೂರು ಅಂದಾಗ ತಿರುಗಿಸಿದರು, ನಾನು ಮೂರು ಮುಗಿಯಲಿ ಅಂತ ಕಾಯುತ್ತಿದ್ದೆ. ಮಲಗಿದ್ದ ಕ್ರಿಕೆಟ್ ಕೋಚ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು "ಅಯ್ಯೋ" ಅಂದ. ಅದಕ್ಕೆ ಈಗ ನಮ್ಮ ಕ್ಲಬ್ಬಿನಲ್ಲಿ "ಒಂದು, ಎರಡು, ಮೂರು, ತಿರುಗ್ಸಿ" ಅಂತ ನಾಲ್ಕು ಮಾತು. "ತಿರುಗ್ಸಿ" ಅಂದಾಗ ಮಾತ್ರ ಕೈ ಆಡಬೇಕು.

ಬಿಸಿಲಿನ ಬಗ್ಗೆ ಗರಡಿಯ ಯಜಮಾನರು ಕೇಳಿದರು, ಏಪ್ರಿಲ್ ಬಿಸಿಲಲ್ಲಿ ಮಗುವನ್ನು ಹಾಗೇ ಮಲಗಿಸೋದು ಹೇಗೆ, ಮರದ ಕೆಳಗೆ ಎತ್ತಿಕೊಂಡು ಹೋಗಬಾರದಾ ಅಂತ. ಸರ್ ಹೇಳಿದ್ದು, ಮಗುವನ್ನು ನೆರಳಿಗೆ ಒಯ್ಯಬೇಡಿ, ನೆರಳನ್ನು ಮಗುವಿನ ಹತ್ತಿರ ತನ್ನಿ. ಕೊಡೆ ಹಿಡಿಯಿರಿ, ಜಮಖಾನ ಹಿಡಿಯಿರಿ, ಸುಮ್ನೆ ನೋಡುತ್ತಾ ನಿಂತ ಜನಕ್ಕೂ ಒಂದು ಕೆಲಸ ಸಿಕ್ಕಿದ ಹಾಗಾಗುತ್ತೆ. ನೀರು ಕುಡಿಸಬೇಡಿ. ಎಣ್ಣೆ ನೀವಬೇಡಿ. ನೆಟಿಗೆ ತೆಗೆಯುವುದಂತೂ ಬೇಡವೇ ಬೇಡ. (ಕಟಿಂಗ್ ಆದ ಮೇಲೆ ಸಲೂನಿನವರು ಕತ್ತನ್ನು ಲಟಕ್ ಅಂತ ತಿರುಗಿಸುತ್ತಾರಲ್ಲ, ಅದನ್ನೂ ಬಿಟ್ಟುಬಿಡಿ ಅಂದರು ಮೇಡಂ. ನನಗೆ ಅದೊಂದು ಸುಖ ಇತ್ತು, ಅದೂ ಹೋಯ್ತು.)

ಈಗ ಬೆಲ್ಟಿನ ಕಥೆ. ಮಧ್ಯಾಹ್ನ ಟೀ ಸಮಯಕ್ಕೆ ಹೊರಗೆ ಟೇಬಲ್ ಹಾಕಿ "ಮೈದಾನದ ಕಿಟ್" ಅಂತ ಮಾರಾಟಕ್ಕೆ ಇಟ್ಟಿದ್ದರು, 2,800 ರೂಪಾಯಿ. ಒಳಗೆ ಒಂದು ಗಟ್ಟಿ ಕುತ್ತಿಗೆ ಬೆಲ್ಟ್, ಕತ್ತರಿ, ಬ್ಯಾಂಡೇಜು, ಗ್ಲೌಸು, ಒಂದು ಸೀಟಿ. ಅರ್ಧ ಗಂಟೆ ಮುಂಚೆ ಒಳಗೆ ಅದೇ ಸರ್ ಹೇಳಿದ್ದರು, ಬೆಲ್ಟ್ ಹಾಕುವುದು ನಮ್ಮಂಥವರ ಕೆಲಸ ಅಲ್ಲ, ಅಳತೆ ತಪ್ಪಿದರೆ ಕತ್ತನ್ನೇ ಎಳೆಯುತ್ತೆ, ಹಾಕುವ ಗಡಿಬಿಡಿಯಲ್ಲೇ ತಲೆ ಅಲ್ಲಾಡುತ್ತೆ, ಪ್ರಥಮ ಚಿಕಿತ್ಸೆ ಕೊಡುವವರು ಹಾಕದಿರುವುದೇ ಒಳ್ಳೆಯದು ಅಂತ 2015ರಲ್ಲೇ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಬಂದಿದೆ ಅಂತ. ಒಳಗೆ ಹಾಕಬೇಡಿ, ಹೊರಗೆ ಕೊಂಡುಕೊಳ್ಳಿ! ನಾನು ಕೇಳಿದೆ. ಟೇಬಲ್ಲಿನ ಹುಡುಗ "ಆಂಬುಲೆನ್ಸಿನವರಿಗೆ ಕೊಡಬಹುದು ಸರ್" ಅಂದ. ಆಂಬುಲೆನ್ಸಿನಲ್ಲಿ ಅವರದೇ ಇರುತ್ತಲ್ಲಪ್ಪ. ಸರ್ ಸ್ವಲ್ಪ ದೂರದಲ್ಲಿ ಟೀ ಕುಡಿಯುತ್ತಿದ್ದರು, ನಮ್ಮ ಕಡೆ ನೋಡಲಿಲ್ಲ. ಇಬ್ಬರು ಮೇಷ್ಟ್ರು ಶಾಲೆಯ ದುಡ್ಡಿನಲ್ಲಿ ಕಿಟ್ ತಗೊಂಡರು. ಅದೇ ದುಡ್ಡಿಗೆ ಎರಡು ದೊಡ್ಡ ಕೊಡೆ, ಎರಡು ಕಂಬಳಿ, ಒಂದು ಸೀಟಿ ತಗೊಂಡು ಉಳಿದ ದುಡ್ಡಲ್ಲಿ ಇನ್ನೊಬ್ಬ ಮೇಷ್ಟ್ರನ್ನು ತರಬೇತಿಗೆ ಕಳಿಸಬಹುದಿತ್ತು.

ಹೆಲ್ಮೆಟ್ ಬಗ್ಗೆ ಹೇಳಿದ್ದು ಸಾಲದು. ಕ್ರಿಕೆಟ್ ಕೋಚ್ 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲಿಪ್ ಹ್ಯೂಸ್‌ಗೆ ಆದದ್ದನ್ನು ಎತ್ತಿದರು. ಬೌನ್ಸರ್ ಹೆಲ್ಮೆಟ್ಟಿನ ಕೆಳಗೆ, ಕತ್ತಿನ ಪಕ್ಕಕ್ಕೆ ಬಡಿದು ಮಿದುಳಿಗೆ ಹೋಗುವ ರಕ್ತನಾಳವೇ ಒಡೆದು, ಎರಡು ದಿನಕ್ಕೆ ಹೋಗಿಬಿಟ್ಟರು, 26 ವಯಸ್ಸೂ ತುಂಬಿರಲಿಲ್ಲ. ಆಮೇಲೆ ಹೆಲ್ಮೆಟ್ಟಿನ ಹಿಂದೆ ಹಾಕುವ ಕತ್ತಿನ ಗಾರ್ಡು ಬಂತು. ನಮ್ಮ ಅಕಾಡೆಮಿ ಹುಡುಗರಿಗೆ ಅದು ಬೇಕಾ, ಹೆಲ್ಮೆಟ್ ಹಾಕಿದವನು ಬಿದ್ದರೆ ತೆಗೆಯಬೇಕಾ ಬಿಡಬೇಕಾ ಅಂತ ಅವರ ಪ್ರಶ್ನೆ. ಉಸಿರಾಟ ಸರಿ ಇದ್ದರೆ ಮುಟ್ಟಬೇಡಿ ಅಂತ ಒಂದು ಮಾತಿನಲ್ಲಿ ಮುಗಿಸಿದರು. ಒಂದು ಹೆಲ್ಮೆಟ್ ತಂದು ತೋರಿಸಿದ್ದರೆ ಏನು ಹೋಗುತ್ತಿತ್ತು?

ಇನ್ನೊಂದು ಕೊರತೆ. ಎಲ್ಲ ಅಭ್ಯಾಸವೂ ನಮ್ಮಂಥ ಹೊಟ್ಟೆ ಬಂದ ಗಂಡಸರ ಮೇಲೆಯೇ ಆಯ್ತು. ಎಂಟು ವರ್ಷದ ಮಗುವಿನ ತಲೆ ಹಿಡಿಯುವುದು ಬೇರೆ. ದೊಡ್ಡ ತಲೆ ಇರುವುದರಿಂದ ಗಟ್ಟಿ ಹಲಗೆ ಮೇಲೆ ಮಲಗಿಸಿದರೆ ಕತ್ತು ತಾನಾಗೇ ಮುಂದಕ್ಕೆ ಬಾಗುತ್ತೆ, ಭುಜದ ಕೆಳಗೆ ಬಟ್ಟೆ ಕೊಡಬೇಕಾಗುತ್ತೆ ಅಂತ ಬಾಯಲ್ಲಿ ಹೇಳಿದರು ಅಷ್ಟೇ.

ಒಂದೂವರೆ ತಿಂಗಳಾದ ಮೇಲೆ ಇದು ಕೆಲಸಕ್ಕೆ ಬಂತು. ನಮ್ಮ ಕಡೆಯೇ ಒಂದು ಕಬಡ್ಡಿ ಪಂದ್ಯಾವಳಿ, ಸೆಮಿಫೈನಲ್. ಎದುರು ಟೀಮಿನ ಹುಡುಗ, ಹದಿನೈದು ಇರಬಹುದು, ಕ್ಯಾಚ್ ಹಿಡಿಯಲು ಹೋಗಿ ರೇಡರಿನ ಮಂಡಿಗೆ ನೆತ್ತಿ ಕೊಟ್ಟ. ಬಿದ್ದ. ಎತ್ತಲು ನಾಲ್ಕು ಜನ ಓಡಿದರು, ನಾನು ಅವರಿಗಿಂತ ಜೋರಾಗಿ ಓಡಿದೆ, ಜೀವನದಲ್ಲಿ ಅಷ್ಟು ಜೋರಾಗಿ "ಮುಟ್ಟಬೇಡಿ" ಅಂತ ಕೂಗಿದ್ದು ಅದೇ ಮೊದಲು. ತಲೆ ಹಿಡಿದೆ. ಮೊಣಕೈ ಊರಿದೆ. "ತಲೆ ಆಡಿಸಬೇಡ ಮಗಾ, ಬಾಯಲ್ಲಿ ಹೇಳು." ಕತ್ತಿನ ಹಿಂದೆ ನಡುವಲ್ಲಿ ನೋವು, ಎರಡೂ ಕೈ ಬೆರಳು ಜುಮ್ ಅಂತಿದೆ ಅಂದ. ನಮ್ಮ ಕೋಚ್ 108ಕ್ಕೆ ಫೋನ್ ಮಾಡಿ, ಕತ್ತಿಗೆ ಪೆಟ್ಟು ಅಂತ ಮೊದಲೇ ಹೇಳಿದರು. ಯಾರದೋ ಅಜ್ಜಿ ಬಂದು ತಮ್ಮ ಕೊಡೆಯನ್ನು ಅವನ ಮುಖದ ಮೇಲೆ ಹಿಡಿದು ನಿಂತರು, ಕೊನೆಯವರೆಗೂ ಕದಲಲಿಲ್ಲ. ಆಂಬುಲೆನ್ಸ್ ಬರಲು 28 ನಿಮಿಷ. ಅಷ್ಟರಲ್ಲಿ ಮೂರು ಜನ ಬಂದು "ಎಷ್ಟೊತ್ತು ಸರ್, ಜೀಪಲ್ಲಿ ಹಾಕ್ಕೊಂಡು ಹೋಗೋಣ" ಅಂದರು. ಹುಡುಗನ ಅಪ್ಪನೂ ಅದನ್ನೇ ಅಂದರು. ಅವರಿಗೆ ಬೇಡ ಅನ್ನುವಾಗ ನನಗೆ ನನ್ನ ಮಗನನ್ನು ಎತ್ತಿ ಕೂರಿಸಿದ್ದು ನೆನಪಾಗಿ ಗಂಟಲು ಕಟ್ಟಿತು. ಆಂಬುಲೆನ್ಸಿನವರು ಎರಡು ಭಾಗ ಆಗುವ ಸ್ಟ್ರೆಚರನ್ನು ಎರಡೂ ಪಕ್ಕದಿಂದ ಕೆಳಗೆ ತೂರಿಸಿ ಕ್ಲಿಪ್ ಹಾಕಿ ಎತ್ತಿದರು. ನಾವು ಕ್ಲಾಸಿನಲ್ಲಿ ನೋಡಿದ್ದೇ ಮಾದರಿ.

ಸ್ಕ್ಯಾನ್ ಆಯ್ತು, ಮುರಿದಿಲ್ಲ, ಬೆನ್ನುಹುರಿಗೂ ಏನಾಗಿಲ್ಲ, ಜೋಮು ರಾತ್ರಿಗೆ ಇಳಿಯಿತು. ಡಾಕ್ಟರ್ ಹೇಳುವವರೆಗೆ ಆಟ ಬಂದ್. ಮಾರನೇ ದಿನ ಟೀ ಅಂಗಡಿಯಲ್ಲಿ ಒಬ್ಬರು, "ಏನೂ ಆಗಿರ್ಲಿಲ್ವಂತೆ, ಸುಮ್ನೆ ಅರ್ಧ ಗಂಟೆ ಹಿಡ್ಕೊಂಡು ಕೂತು ಫೈನಲ್ ಲೇಟ್ ಮಾಡಿಸ್ದ" ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಟೀ ಕುಡಿದು ಎದ್ದು ಬಂದೆ.

ಹೋಗುವವರಿಗೆ ಒಂದೆರಡು ಮಾತು. ಒಬ್ಬರೇ ಹೋಗಬೇಡಿ, ಒಂದೇ ಟೀಮಿನಿಂದ ಮೂರ್ನಾಲ್ಕು ಜನ ಹೋಗಿ, ತಿರುಗಿಸಲು ನಾಲ್ಕು ಜನ ಬೇಕು. ಸ್ಲೈಡಿನ ಹೊತ್ತಿಗೆ ಹಿಂದೆ ಕೂತರೂ ಪರವಾಗಿಲ್ಲ, ಮಧ್ಯಾಹ್ನ ಮುಂದೆ ಬನ್ನಿ. ಊಟ ಪರವಾಗಿಲ್ಲ, ಸಾಂಬಾರಿಗೆ ಉಪ್ಪು ಜಾಸ್ತಿ. ಕಿಟ್ ತಗೋಬೇಡಿ. ಪಂಚೆ ಉಟ್ಟು ಹೋಗಬೇಡಿ, ಮಂಡಿಯ ಕೆಳಗೆ ಹಾಕಿಕೊಳ್ಳಲು ಹಳೇ ಟವೆಲ್ ಒಂದು ಇರಲಿ, ಅಲ್ಲಿ ನೆಲ ಬರೀ ಗ್ರಾನೈಟ್.